ಬೀಳಗಿಯ ಅಮೀರಬಾಯಿ, ಮುಂಬಯಿಯ ‘ಕರ್ನಾಟಕಿ’



ನಮ್ಮ ವಿದ್ಯಾಗಿರಿಯಿಂದ ಬೀಳಗಿ ಬಹಳ ದೂರವೇನಲ್ಲ. ಬಸ್ಸು ಹತ್ತಿದರೆ ತಾಸಿನೊಳಗಿನ ಹಾದಿ. ಬೀಳಗಿ ಎಂದಾಕ್ಷಣ ನಿಮಗೆ ಕಬ್ಬಿನ ಹೊಲಗಳು, ಕೃಷ್ಣೆಯ ಹಿನ್ನೀರು, ಮುಳುಗಡೆಯಾದ ಹಳ್ಳಿಗಳು, ಪುನರ್ವಸತಿ ಕೇಂದ್ರಗಳು ನೆನಪಾಗಬಹುದು. ಆದರೆ 1943ರಲ್ಲಿ ಕಲಕತ್ತೆಯಿಂದ ಲಾಹೋರಿನವರೆಗೆ ಗ್ರಾಮೋಫೋನು ಇದ್ದ ಮನೆಗಳಲ್ಲಿ ಕೇಳಿಸುತ್ತಿದ್ದ ಒಂದು ಹೆಣ್ಣು ದನಿ ಇದೇ ಬೀಳಗಿಯದಾಗಿತ್ತು ಎಂಬ ಸಂಗತಿ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ನಾನು ಪಾಠ ಹೇಳುವ ಮಕ್ಕಳನ್ನು ಕೇಳಿ ನೋಡಿದ್ದೇನೆ. ಲತಾ ಮಂಗೇಶ್ಕರ್ ಹೆಸರು ಎಲ್ಲರಿಗೂ ಗೊತ್ತು. ಅಮೀರಬಾಯಿ ಕರ್ನಾಟಕಿ ಎಂದರೆ ಒಬ್ಬರೂ ಕೈ ಎತ್ತುವುದಿಲ್ಲ.

ಇಂಥ ವಾರ್ಷಿಕ ಸಂಚಿಕೆಗಳಲ್ಲಿ ಸಾಮಾನ್ಯವಾಗಿ ವಿದ್ವಾಂಸರ, ಸ್ವಾತಂತ್ರ್ಯ ಹೋರಾಟಗಾರರ, ಶಾಲೆ ಕಟ್ಟಿದ ಮಹನೀಯರ ಜೀವನವನ್ನು ಬರೆಯುವುದು ರೂಢಿ. ನಾಟಕ ಸಿನೆಮಾದಲ್ಲಿ ಹಾಡಿ ಕುಣಿದ ಹೆಣ್ಣುಮಗಳ ಕಥೆ ಇಲ್ಲಿಗೇಕೆ ಎಂದು ಹಿರಿಯರು ಹುಬ್ಬೇರಿಸಬಹುದು. ಅವರ ಸಂಕೋಚ ನನಗೆ ಅರ್ಥವಾಗುತ್ತದೆ. ನಮ್ಮ ಜಮಾತಿನ ಮನೆಗಳಲ್ಲಿ ಹೆಣ್ಣುಮಕ್ಕಳು ರಂಗದ ಮೇಲೆ ಬರುವುದನ್ನು ಇಂದಿಗೂ ಒಪ್ಪದವರಿದ್ದಾರೆ. ಆದರೂ ಮೂವತ್ತು ವರ್ಷ ದುಡಿದು ತನ್ನ ಅನ್ನವನ್ನು ತಾನೇ ಗಳಿಸಿಕೊಂಡ, ಕನ್ನಡ, ಉರ್ದು, ಹಿಂದಿ, ಗುಜರಾತಿ ನುಡಿಗಳಲ್ಲಿ ಕೆಲಸ ಮಾಡಿದ ನಮ್ಮ ಜಿಲ್ಲೆಯ ಒಬ್ಬ ಮಹಿಳೆಯನ್ನು ಮರೆತುಬಿಡುವುದಕ್ಕೆ ಆ ಸಂಕೋಚವೊಂದೇ ಕಾರಣವಾಗಬಾರದೆಂದು ನನ್ನ ಅನಿಸಿಕೆ. ಓದಿದ ಮೇಲೆ ನೀವೇ ನಿರ್ಧರಿಸಿ.

ಅಮೀರಬಾಯಿ ಹುಟ್ಟಿದ್ದು ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ. ತಂದೆ ಹುಸೇನಸಾಬ, ತಾಯಿ ಅಮೀನಾಬಿ. ಇಬ್ಬರಿಗೂ ನಾಟಕ ಕಂಪನಿಯ ನಂಟಿತ್ತು. ತಬಲಾ, ಹಾಡು ಎರಡೂ ಆ ಮನೆಯಲ್ಲಿದ್ದವು. ಅಕ್ಕತಂಗಿಯರಲ್ಲಿ ಹೆಸರು ಮಾಡಿದವರು ಇಬ್ಬರು: ಅಕ್ಕ ಗೋಹರಬಾಯಿ ಮತ್ತು ಅಮೀರಬಾಯಿ. ಆಗ ಬೀಳಗಿ ಬಿಜಾಪುರ ಜಿಲ್ಲೆಯಲ್ಲಿತ್ತು, ಬಿಜಾಪುರವು ಮುಂಬಯಿ ಪ್ರಾಂತದಲ್ಲಿತ್ತು. ನಮ್ಮ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ, ಅಂದರೆ ಅಮೀರಬಾಯಿ ತೀರಿಕೊಂಡು ಮೂವತ್ತೆರಡು ವರ್ಷಗಳ ಮೇಲೆ.

ಆ ದಿನಗಳ ಉತ್ತರ ಕರ್ನಾಟಕವನ್ನು ಕಣ್ಣ ಮುಂದೆ ತಂದುಕೊಳ್ಳಿ. ಸಿನೆಮಾ ಇನ್ನೂ ಮೂಕವಾಗಿತ್ತು. ಜಾತ್ರೆಗಳಲ್ಲಿ ತಗಡಿನ ಥೇಟರು ಹಾಕಿ ರಾತ್ರಿಯಿಡೀ ಆಡುವ ಕಂಪನಿ ನಾಟಕಗಳೇ ಜನರ ಮನರಂಜನೆ. ಶಿರಹಟ್ಟಿ ಕಂಪನಿ, ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ವಾಮನರಾವ್ ಮಾಸ್ತರರ ವಿಶ್ವಗುಣಾದರ್ಶ ಮಂಡಳಿ ಇವೆಲ್ಲ ಮನೆಮಾತಾಗಿದ್ದವು. ಹೆಣ್ಣಿನ ಪಾತ್ರವನ್ನು ಗಂಡಸರೇ ಹಾಕುವ ರೂಢಿ ಮೆಲ್ಲಗೆ ಸಡಿಲವಾಗುತ್ತಿತ್ತು. ಲಕ್ಷ್ಮೇಶ್ವರದ ಬಚ್ಚಾಸಾನಿಯವರು ಹೆಣ್ಣುಮಕ್ಕಳದೇ ಕಂಪನಿ ಕಟ್ಟಿ ತೋರಿಸಿದ್ದರು. ಕಂಪನಿಗಳಲ್ಲಿ ತಬಲಾ, ಹಾರ್ಮೋನಿಯಂ, ಸಾರಂಗಿ ನುಡಿಸುವವರಲ್ಲಿ ಮುಸಲ್ಮಾನರು ಬಹಳ. ಪುರಾಣದ ನಾಟಕಕ್ಕೆ ತಾಲ ಹಿಡಿಯುವವನು ಮಸೀದಿಗೆ ಹೋಗುವವನಾಗಿರುತ್ತಿದ್ದ, ಅದನ್ನು ಯಾರೂ ವಿಶೇಷವೆಂದು ಎಣಿಸುತ್ತಿರಲಿಲ್ಲ.

ರಂಗದಲ್ಲಿ ಮೈಕು ಇರಲಿಲ್ಲ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಹಿಂದಿನ ಸಾಲಿನಲ್ಲಿ ನೆಲದ ಮೇಲೆ ಕುಳಿತವನಿಗೂ ಹಾಡು, ಮಾತು ಎರಡೂ ಮುಟ್ಟಬೇಕಿತ್ತು. ಹಾಗಾಗಿ ಎದೆಯಿಂದ ದನಿ ತೆಗೆದು, ತೆರೆದ ಗಂಟಲಿನಲ್ಲಿ ಹಾಡುವುದನ್ನು ಚಿಕ್ಕಂದಿನಿಂದಲೇ ಕಲಿಸುತ್ತಿದ್ದರು. ಅಮೀರಬಾಯಿಯವರ ದನಿ ಇಂಥ ತಾಲೀಮಿನಲ್ಲಿ ತಯಾರಾದದ್ದು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

1931ರಲ್ಲಿ ‘ಆಲಂ ಆರಾ’ ಬಂದು ಸಿನೆಮಾ ಮಾತಾಡತೊಡಗಿತು. ಮಾತಾಡುವ ಸಿನೆಮಾಕ್ಕೆ ಹಾಡಬಲ್ಲ ನಟಿಯರು ಬೇಕಾದರು. ಸಂಗೀತ ಬಲ್ಲ ಹೆಣ್ಣುಮಕ್ಕಳಿಗೆ ಮುಂಬಯಿಯ ಬಾಗಿಲು ತೆರೆಯಿತು. ಮೊದಲು ಗೋಹರಬಾಯಿ ಹೋದರು, ಹಿಂದಿನಿಂದ ಅಮೀರಬಾಯಿ. ಅಕ್ಕನ ಪ್ರಯತ್ನದಿಂದಲೇ ತಂಗಿಗೆ 1934ರಲ್ಲಿ ‘ವಿಷ್ಣುಭಕ್ತಿ’ ಚಿತ್ರದಲ್ಲಿ ಪಾತ್ರ ಸಿಕ್ಕಿತು. ಕನ್ನಡದಲ್ಲಿ ‘ಸತಿ ಸುಲೋಚನಾ’ ತೆರೆಗೆ ಬಂದದ್ದೂ ಅದೇ ವರ್ಷ. ಕನ್ನಡದ್ದೇ ಆದ ಚಿತ್ರೋದ್ಯಮ ಇನ್ನೂ ತೊಟ್ಟಿಲಲ್ಲಿದ್ದಾಗ ಬಿಜಾಪುರ, ಧಾರವಾಡ ಕಡೆಯ ಕಲಾವಿದರಿಗೆ ಬೆಂಗಳೂರಿಗಿಂತ ಮುಂಬಯಿಯೇ ಹತ್ತಿರವಿತ್ತು. ರೈಲೂ ಅತ್ತಲೇ, ಸರಕಾರವೂ ಅತ್ತಲೇ.

ಮುಂಬಯಿಗೆ ಬಂದವರಿಗೆ ಹೆಸರಿನ ಬೆನ್ನಿಗೊಂದು ಊರು ಬೇಕಾಗುತ್ತಿತ್ತು. ಅಂಬಾಲೆಯಿಂದ ಬಂದ ಜೊಹರಾಬಾಯಿ ‘ಅಂಬಾಲೆವಾಲಿ’ಯಾದರು. ನಮ್ಮ ಶಾಂತಾ ಅವರು ‘ಹುಬಳೀಕರ’ ಎನಿಸಿಕೊಂಡರು. ಹಾನಗಲ್ಲಿನ ಹೆಸರು ಗಂಗೂಬಾಯಿಯವರ ಜೊತೆ ನಡೆಯಿತು. ಬೀಳಗಿಯ ಈ ಅಕ್ಕತಂಗಿಯರು ‘ಬೀಳಗಿಕರ’ ಆಗಲಿಲ್ಲ, ‘ಕರ್ನಾಟಕಿ’ ಆದರು. ನನಗೆ ಇದು ಬಹಳ ಯೋಚಿಸಬೇಕಾದ ಸಂಗತಿ ಎನಿಸುತ್ತದೆ. ಆಗ ಭೂಪಟದಲ್ಲಿ ಕರ್ನಾಟಕವೆಂಬ ರಾಜ್ಯವೇ ಇರಲಿಲ್ಲ. ಕನ್ನಡ ಮಾತಾಡುವ ಜನ ಮುಂಬಯಿ, ಮದ್ರಾಸು ಪ್ರಾಂತಗಳಲ್ಲಿ, ನಿಜಾಮನ ಸೀಮೆಯಲ್ಲಿ, ಮೈಸೂರು ಸಂಸ್ಥಾನದಲ್ಲಿ ಹಂಚಿಹೋಗಿದ್ದರು. ಏಕೀಕರಣವಾದದ್ದು 1956ರಲ್ಲಿ, ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟದ್ದು 1973ರಲ್ಲಿ. ಅದಕ್ಕೆ ಎಷ್ಟೋ ವರ್ಷ ಮೊದಲೇ ಉರ್ದು, ಹಿಂದಿ ಸಿನೆಮಾದ ಪೋಸ್ಟರುಗಳಲ್ಲಿ, ಗ್ರಾಮೋಫೋನು ತಟ್ಟೆಗಳ ಮೇಲೆ ಈ ನಾಡಿನ ಹೆಸರು ಅಚ್ಚಾಗಿ ಊರೂರು ತಿರುಗುತ್ತಿತ್ತು. ಹಾಗೆ ತಿರುಗಿಸಿದವರು ಬೀಳಗಿಯ ಹುಸೇನಸಾಬರ ಹೆಣ್ಣುಮಕ್ಕಳು.

ಅಕ್ಕ ಗೋಹರಬಾಯಿಯವರ ಬದುಕು ಬೇರೆ ದಾರಿ ಹಿಡಿಯಿತು. ಅವರು ಮರಾಠಿ ರಂಗಭೂಮಿಯ ಮಹಾನ್ ನಟ ಬಾಲಗಂಧರ್ವರ ನಾಟಕ ಮಂಡಳಿ ಸೇರಿದರು. ಬಾಲಗಂಧರ್ವರು ಸ್ತ್ರೀಪಾತ್ರಗಳಿಗೆ ಹೆಸರಾದವರು. ಅವರಿಗೆ ವಯಸ್ಸಾಗುತ್ತ ಬಂದಾಗ ಅದೇ ಪಾತ್ರಗಳನ್ನು ಗೋಹರಬಾಯಿ ವಹಿಸಿಕೊಂಡರು. ಮುಂದೆ ಇಬ್ಬರೂ ಮದುವೆಯಾದರು. ಕನ್ನಡ ಸೀಮೆಯ ಈ ಹೆಣ್ಣುಮಗಳನ್ನು ಬಾಲಗಂಧರ್ವರ ಅಭಿಮಾನಿಗಳಲ್ಲಿ ಅನೇಕರು ಕೊನೆಯವರೆಗೂ ಮನಸಾರೆ ಒಪ್ಪಲಿಲ್ಲ. ಗೋಹರಬಾಯಿಯವರ ಕಥೆಯೇ ಇನ್ನೊಂದು ಲೇಖನವಾಗುವಷ್ಟಿದೆ. ಇಲ್ಲಿಗೆ ಇಷ್ಟು ಸಾಕು.

ಅಮೀರಬಾಯಿಯವರ ಮೊದಲ ವರ್ಷಗಳು ಅಷ್ಟೇನೂ ಬೆಳಕಿನವಲ್ಲ. ‘ಭಾರತ್ ಕೀ ಬೇಟಿ’, ‘ಯಾಸ್ಮಿನ್’ ಮುಂತಾದ ಚಿತ್ರಗಳಲ್ಲಿ ಕಾಣಿಸಿಕೊಂಡರು. ಸಣ್ಣಪುಟ್ಟ ಪಾತ್ರ, ಒಂದೆರಡು ಹಾಡು, ಮತ್ತೆ ಮುಂದಿನ ಕರೆಗಾಗಿ ಕಾಯುವುದು. ಹೀಗೆ ಕೆಲವು ವರ್ಷ ಕಳೆದವು. 1940ರಲ್ಲಿ ವಿಜಯ ಭಟ್ಟರ ‘ನರಸಿ ಭಗತ್’ ಬಂತು. ವಿಷ್ಣುಪಂತ ಪಾಗನೀಸರು ನರಸಿ ಮೆಹತಾ ಆಗಿ ಅಭಿನಯಿಸಿದ ಆ ಚಿತ್ರದಲ್ಲಿ ಅಮೀರಬಾಯಿಯವರಿಗೂ ಪಾತ್ರವಿತ್ತು. ಗಾಂಧೀಜಿಯವರಿಗೆ ಬಹಳ ಪ್ರಿಯವಾಗಿದ್ದ ನರಸಿ ಮೆಹತಾ ಭಜನೆಯನ್ನು ಹಾಡಿದ ಕೀರ್ತಿ ಅವರ ಹೆಸರಿನೊಂದಿಗೆ ಸೇರಿಕೊಂಡಿತು. ಗುಜರಾತಿನ ವೈಷ್ಣವ ಸಂತನ ಪದವನ್ನು ಕನ್ನಡ ನಾಡಿನ ಮುಸ್ಲಿಂ ಹೆಣ್ಣುಮಗಳು ಹಾಡಿದಳೆಂದು ಇಂದು ನಾವು ಬೆರಗಾಗುತ್ತೇವೆ. ಕಂಪನಿ ನಾಟಕದ ಮನೆಯಿಂದ ಬಂದವರಿಗೆ ಅದು ದಿನದ ಕೆಲಸವಾಗಿತ್ತು.

ಇನ್ನು ‘ಕಿಸ್ಮತ್’. 1943ರ ಆರಂಭದಲ್ಲಿ ಬಾಂಬೆ ಟಾಕೀಜ್ ಬಿಡುಗಡೆ ಮಾಡಿದ ಈ ಚಿತ್ರವನ್ನು ನಿರ್ದೇಶಿಸಿದವರು ಜ್ಞಾನ್ ಮುಖರ್ಜಿ. ನಾಯಕ ಅಶೋಕ ಕುಮಾರ್, ಕಿಸೆಗಳ್ಳನ ಪಾತ್ರ. ನಾಯಕಿ ಮುಮ್ತಾಜ್ ಶಾಂತಿ, ಕಾಲು ಊನವಾದ ರಂಗನಟಿಯ ಪಾತ್ರ. ಸಂಗೀತ ಅನಿಲ್ ಬಿಸ್ವಾಸ್, ಹಾಡುಗಳು ಕವಿ ಪ್ರದೀಪರವು. ಕಲಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಈ ಚಿತ್ರ ಮೂರು ವರ್ಷಕ್ಕಿಂತ ಹೆಚ್ಚು ಕಾಲ ಸತತವಾಗಿ ನಡೆಯಿತು. 1975ರಲ್ಲಿ ಬಂದ ‘ಶೋಲೆ’ಯೇ ಆ ದಾಖಲೆಯನ್ನು ಮುರಿಯಬೇಕಾಯಿತು. ಪರದೆಯ ಮೇಲೆ ತುಟಿ ಆಡಿಸಿದವರು ಮುಮ್ತಾಜ್ ಶಾಂತಿ, ದನಿ ಅಮೀರಬಾಯಿಯವರದು. ಹಿನ್ನೆಲೆ ಗಾಯನವೆಂಬ ಪದ್ಧತಿ ಆಗ ಎಂಟೇ ವರ್ಷ ಹಳೆಯದು, 1935ರಲ್ಲಿ ಶುರುವಾದದ್ದು.

ಆ ಚಿತ್ರದ ಒಂದು ಹಾಡಿನ ಹಿನ್ನೆಲೆಯನ್ನು ಇತಿಹಾಸದ ವಿದ್ಯಾರ್ಥಿಗಳು ತಿಳಿಯಲೇಬೇಕು. 1942ರ ಆಗಸ್ಟಿನಲ್ಲಿ ಚಲೇಜಾವ್ ಚಳವಳಿ ಆರಂಭವಾಗಿತ್ತು. ನಾಯಕರೆಲ್ಲ ಸೆರೆಮನೆಯಲ್ಲಿದ್ದರು, ಪತ್ರಿಕೆಗಳ ಬಾಯಿ ಕಟ್ಟಿತ್ತು. ಅಂಥ ಹೊತ್ತಿನಲ್ಲಿ ಪರಕೀಯರು ಈ ನೆಲ ಬಿಟ್ಟು ತೊಲಗಲಿ ಎಂಬ ಅರ್ಥದ ಹಾಡು ಸಿನೆಮಾದಲ್ಲಿ ಬರುವುದೆಂದರೇನು! ಕವಿಗಳು ಜಾಣತನದಿಂದ ಜರ್ಮನಿ, ಜಪಾನುಗಳ ಹೆಸರನ್ನು ಹಾಡಿನೊಳಗೆ ಸೇರಿಸಿದ್ದರು. ಯುದ್ಧದಲ್ಲಿ ಅವೇ ಬ್ರಿಟಿಷರ ವೈರಿಗಳಾದ್ದರಿಂದ ಸೆನ್ಸಾರಿನವರು ಬಿಟ್ಟುಕೊಟ್ಟರು. ಜನರಿಗೆ ಮಾತ್ರ ಹಾಡು ಯಾರನ್ನು ಕುರಿತದ್ದೆಂದು ಮೊದಲ ದಿನವೇ ತಿಳಿಯಿತು. ಆ ಹಾಡನ್ನು ಖಾನ್ ಮಸ್ತಾನರ ಜೊತೆ ಹಾಡಿದವರು ಅಮೀರಬಾಯಿ. ಸ್ವಾತಂತ್ರ್ಯ ಹೋರಾಟದಲ್ಲಿ ನಮ್ಮ ಜಿಲ್ಲೆಯ ಪಾಲನ್ನು ಬರೆಯುವಾಗ ಈ ದನಿಯನ್ನೂ ಒಂದು ಸಾಲಿನಲ್ಲಾದರೂ ಸೇರಿಸಬಹುದಲ್ಲವೇ?

ಉರ್ದು ಮಾಸ್ತರನಾಗಿ ನನಗೆ ಆ ಹಾಡುಗಳಲ್ಲಿ ಇನ್ನೊಂದು ಆಸಕ್ತಿ. ನಮ್ಮ ಮನೆಗಳ ದಖನಿಯಲ್ಲಿ ‘ಕಲಮ್’ ‘ಖಲಮ್’ ಆಗುತ್ತದೆ, ‘ಕಿಸ್ಮತ್’ ಎಂಬ ಮಾತೇ ‘ಖಿಸ್ಮತ್’ ಆಗುತ್ತದೆ. ತರಗತಿಯಲ್ಲಿ ನಾನು ದಿನಾ ತಿದ್ದುವುದು ಇದನ್ನೇ. ಮುಂಬಯಿಯ ಸ್ಟುಡಿಯೋಗಳು ಉಚ್ಚಾರದ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ತಲಫ್ಫುಜ್ ತಿದ್ದಲು ಮುನ್ಶಿಗಳನ್ನು ಇಟ್ಟುಕೊಂಡಿರುತ್ತಿದ್ದರು. ಲಖನೌ, ದಿಲ್ಲಿಯ ಕಿವಿಗಳು ಒಪ್ಪುವಂತೆ ಹಾಡಬೇಕಾದರೆ ಬೀಳಗಿಯಿಂದ ಹೋದವರು ಎಷ್ಟು ದುಡಿದಿರಬೇಕು, ನೀವೇ ಊಹಿಸಿ. ಭಾಷೆ ಬರುವುದಿಲ್ಲ ಎಂದು ಹಿಂದೆ ಸರಿಯುವ ನಮ್ಮ ಹುಡುಗ ಹುಡುಗಿಯರಿಗೆ ನಾನು ಈ ಹಾಡುಗಳನ್ನು ಕೇಳಿಸುವುದುಂಟು.

‘ಕಿಸ್ಮತ್’ ನಂತರದ ನಾಲ್ಕೈದು ವರ್ಷ ಅಮೀರಬಾಯಿಯವರ ಕಾಲ. 1944ರ ‘ರತನ್’ ಚಿತ್ರದಲ್ಲಿ ನೌಶಾದರಿಗೆ ಹಾಡಿದರು. ಅದೇ ವರ್ಷ ‘ಭರ್ತೃಹರಿ’ಯಲ್ಲಿ ಖೇಮಚಂದ್ ಪ್ರಕಾಶರಿಗೆ ಸುರೇಂದ್ರರ ಜೊತೆ ಹಾಡಿದರು. 1946ರ ಗುಜರಾತಿ ಚಿತ್ರ ‘ರಾಣಕದೇವಿ’ಗೆ ಅವರು ಹಾಡಿದ ಗೀತೆ ಗುಜರಾತದಲ್ಲಿ ಮನೆಮನೆಯ ಹಾಡಾಯಿತು. 1947ರ ‘ಶಹನಾಯಿ’ಯಲ್ಲಿ ಸಿ. ರಾಮಚಂದ್ರರ ಸಂಗೀತ. ಕನ್ನಡದಲ್ಲಿಯೂ ಹಾಡಿ ‘ಕನ್ನಡ ಕೋಕಿಲ’ ಎನಿಸಿಕೊಂಡರು. ಬೇರೆಯವರಿಗೆ ಒಂದು ಹಾಡಿಗೆ 500 ರೂಪಾಯಿ ಸಿಗುತ್ತಿದ್ದಾಗ ಅಮೀರಬಾಯಿಗೆ 1000 ರೂಪಾಯಿ ಕೊಡುತ್ತಿದ್ದರೆಂದು ‘ಫಿಲ್ಮ್ ಇಂಡಿಯಾ’ ಪತ್ರಿಕೆಯ ಬಾಬುರಾವ್ ಪಟೇಲರು ದಾಖಲಿಸಿದ್ದಾರೆ. ಆಗಿನ ಸಾವಿರ ರೂಪಾಯಿಯ ಬೆಲೆ ಏನೆಂದು ನಿಮ್ಮ ಮನೆಯ ಹಿರಿಯರನ್ನು ಕೇಳಿ. ಶಾಲಾ ಮಾಸ್ತರನೊಬ್ಬ ವರ್ಷಗಟ್ಟಲೆ ದುಡಿದರೂ ಅಷ್ಟು ಕೈಗೆ ಹತ್ತುತ್ತಿರಲಿಲ್ಲ.

1948ರಲ್ಲಿ ಅವರು ‘ಶಹನಾಜ್’ ಚಿತ್ರಕ್ಕೆ ತಾವೇ ಸಂಗೀತ ನೀಡಿದರು. ಸಂಗೀತ ನಿರ್ದೇಶನವೆಂಬುದು ಆಗಲೂ ಗಂಡಸರ ಪಾಳಯ, ಬಹುಮಟ್ಟಿಗೆ ಈಗಲೂ ಅಷ್ಟೇ. ಅವರಿಗಿಂತ ಮೊದಲು ಜದ್ದನ್ ಬಾಯಿ, ಬಾಂಬೆ ಟಾಕೀಜಿನ ಸರಸ್ವತಿ ದೇವಿ ಹೀಗೆ ಬೆರಳೆಣಿಕೆಯ ಮಹಿಳೆಯರು ಆ ಕೆಲಸ ಮಾಡಿದ್ದರು. ಆ ಸಾಲಿನಲ್ಲಿ ಬೀಳಗಿಯ ಹೆಸರೂ ಸೇರಿತು. ನನ್ನ ದೃಷ್ಟಿಯಲ್ಲಿ ಸಾವಿರ ರೂಪಾಯಿಗಿಂತ ಇದು ದೊಡ್ಡದು.

ಮನೆಯೊಳಗಿನ ಕಥೆ ಹೀಗಿರಲಿಲ್ಲ. ಖಳನಾಯಕನ ಪಾತ್ರಗಳಿಗೆ ಹೆಸರಾಗಿದ್ದ ನಟ ಹಿಮಾಲಯವಾಲಾ ಅವರೊಂದಿಗೆ ಆದ ಮದುವೆ ಸುಖ ಕೊಡಲಿಲ್ಲ, ಅದು ಮುರಿದುಬಿತ್ತು. ದೇಶ ವಿಭಜನೆಯಾದಾಗ ಆತ ಪಾಕಿಸ್ತಾನಕ್ಕೆ ಹೋದರು. ನೂರ್‌ಜಹಾನ್ ಮುಂತಾದವರೂ ಹೋದರು. ಅಮೀರಬಾಯಿ ಹೋಗಲಿಲ್ಲ. ಮುಂದೆ ಅವರು ‘ಪಾರಸ್’ ಪತ್ರಿಕೆಯ ಸಂಪಾದಕ ಬದ್ರಿ ಕಾಂಚವಾಲಾ ಅವರನ್ನು ಮದುವೆಯಾದರು.

ಈಗ ಆ ರಂಗದ ದನಿಯ ಮಾತಿಗೆ ಬರೋಣ. ಸ್ಟುಡಿಯೋಗಳ ಮೈಕು ದಿನೇದಿನೇ ಸೂಕ್ಷ್ಮವಾಗುತ್ತ ಹೋಯಿತು. ಗುಂಡಿಗೆಯಿಂದ ಹೊರಡುವ, ಕೊನೆಯ ಸಾಲಿಗೆ ಮುಟ್ಟುವ ಕಂಠ ಈಗ ಬೇಕಾಗಿರಲಿಲ್ಲ. ಮೈಕಿನ ಕಿವಿಯಲ್ಲಿ ಉಸುರಿದಂತೆ ಹಾಡುವ ತೆಳುವಾದ, ಎತ್ತರದ ಕಂಠ ಬೇಕಾಯಿತು. 1949ರಲ್ಲಿ ‘ಮಹಲ್’, ‘ಬರ್ಸಾತ್’, ‘ಅಂದಾಜ್’ ಒಂದರ ಹಿಂದೊಂದು ಬಂದವು. ಇಪ್ಪತ್ತರ ಹರೆಯದ ಲತಾ ಮಂಗೇಶ್ಕರರ ದನಿ ಇಡೀ ದೇಶವನ್ನು ಹಿಡಿಯಿತು. ಅದರಲ್ಲಿ ಯಾರ ತಪ್ಪೂ ಇಲ್ಲ. ಲತಾ ಅವರ ಯೋಗ್ಯತೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಎರಡು ಮೂರು ವರ್ಷದೊಳಗೆ ಅಮೀರಬಾಯಿ, ಜೊಹರಾಬಾಯಿ, ರಾಜಕುಮಾರಿ ಇವರ ದನಿಗಳೆಲ್ಲ ಒಮ್ಮೆಗೇ ಹಳೆಯವಾಗಿಬಿಟ್ಟವು. ಸಾವಿರ ರೂಪಾಯಿ ಪಡೆಯುತ್ತಿದ್ದವರನ್ನು ಕರೆಯುವವರೇ ಕಡಿಮೆಯಾದರು.

ಆಗ ಅಮೀರಬಾಯಿ ಏನು ಮಾಡಿದರು ಎಂಬುದೇ ನಾನು ಈ ಲೇಖನ ಬರೆಯಲು ಕಾರಣ. ಅವರು ಮೊದಲು ಬಿಟ್ಟುಬಂದಿದ್ದ ಅಭಿನಯಕ್ಕೆ ಮರಳಿ ಹೋದರು. ನಾಯಕಿಯಾಗುವ ವಯಸ್ಸು ದಾಟಿತ್ತು. ಸಿನೆಮಾದವರು ಕ್ಯಾರೆಕ್ಟರ್ ಪಾತ್ರ ಎನ್ನುತ್ತಾರಲ್ಲ, ಕನ್ನಡದಲ್ಲಿ ನಾವು ಪೋಷಕ ಪಾತ್ರ ಎನ್ನುತ್ತೇವೆ, ಅಂಥ ಪಾತ್ರಗಳನ್ನು ಒಪ್ಪಿಕೊಂಡರು. ಬದುಕಿನ ಉಳಿದ ವರ್ಷಗಳಲ್ಲಿ ಅವರು ಮುಖ್ಯವಾಗಿ ಮಾಡಿದ ಕೆಲಸ ಇದೇ.

ಪೋಷಕ ನಟಿಯ ದುಡಿಮೆ ಎಂಥದ್ದು ಎಂದು ಸ್ವಲ್ಪ ಯೋಚಿಸಿ. ಪೋಸ್ಟರಿನಲ್ಲಿ ಮುಖವಿಲ್ಲ. ಹೆಸರು ಬಂದರೂ ಕೊನೆಯ ಸಾಲಿನಲ್ಲಿ. ಬೆಳಿಗ್ಗೆಯೇ ಬಣ್ಣ ಹಚ್ಚಿಕೊಂಡು ಕುಳಿತು, ನಾಯಕ ನಾಯಕಿಯರ ದೃಶ್ಯ ಮುಗಿಯುವ ತನಕ ಕಾಯಬೇಕು. ಸಿಗುವುದು ನಾಲ್ಕು ಮಾತು. ಆ ನಾಲ್ಕು ಮಾತಿನಲ್ಲಿ ತಾಯಿಯೋ, ಅತ್ತೆಯೋ, ನೆರೆಮನೆಯ ಹೆಂಗಸೋ ಇದ್ದಾಳೆಂದು ನೋಡುವವರಿಗೆ ನಂಬಿಕೆ ಬರಬೇಕು. ಅವಳು ಸರಿಯಾಗಿ ನಟಿಸಿದರೆ ಯಾರೂ ಗಮನಿಸುವುದಿಲ್ಲ, ತಪ್ಪಿದರೆ ದೃಶ್ಯವೇ ಕೆಡುತ್ತದೆ. ಇನ್ನೊಂದು ಕಷ್ಟವೂ ಉಂಟು. ಪಕ್ಕದಲ್ಲಿ ನಿಂತ ನಾಯಕಿ ಹಾಡುವಾಗ ಕೇಳಿಬರುವ ದನಿ ಬೇರೆಯವರದು. ಒಂದು ಕಾಲದಲ್ಲಿ ಆ ಜಾಗದಲ್ಲಿ ತನ್ನದೇ ದನಿ ಇತ್ತೆಂಬುದು ಅಮೀರಬಾಯಿಯವರಿಗೆ ಮರೆತಿರಲು ಸಾಧ್ಯವಿರಲಿಲ್ಲ.

ಈ ಮಾತಿನಲ್ಲಿ ಧಾರವಾಡದಲ್ಲಿ ಹುಟ್ಟಿದ ಲೀಲಾ ಚಿಟ್ನೀಸರನ್ನೂ ನೆನೆಯಬೇಕು. 1939ರ ‘ಕಂಗನ್’, 1940ರ ‘ಬಂಧನ್’, 1941ರ ‘ಝೂಲಾ’ ಚಿತ್ರಗಳಲ್ಲಿ ಅವರು ಅಶೋಕ ಕುಮಾರರ ನಾಯಕಿ. ಹತ್ತು ವರ್ಷ ತುಂಬುವುದರೊಳಗೆ ‘ಶಹೀದ್’ ಚಿತ್ರದಲ್ಲಿ ತಾಯಿಯಾದರು. 1951ರ ‘ಆವಾರಾ’ದಲ್ಲಿ ರಾಜ್ ಕಪೂರರ ತಾಯಿ. ಆ ಮೇಲೆ ಅವರು ತಾಯಿಯಾಗಿಯೇ ಉಳಿದರು. ಅಶೋಕ ಕುಮಾರರು ಮಾತ್ರ ಐವತ್ತರ ದಶಕದಲ್ಲಿಯೂ ನಾಯಕರೇ. ಲೀಲಾ ಅವರ ಜೊತೆ 1939ರಲ್ಲಿ ನಾಯಕ, ಅಮೀರಬಾಯಿ ಹಾಡಿದ 1943ರ ‘ಕಿಸ್ಮತ್’ನಲ್ಲಿ ನಾಯಕ, ಲತಾ ಹಾಡಿದ 1949ರ ‘ಮಹಲ್’ನಲ್ಲಿಯೂ ನಾಯಕ. ಗಂಡಸಿಗೆ ಇಪ್ಪತ್ತು ವರ್ಷದ ಹರೆಯ, ಹೆಂಗಸಿಗೆ ಐದು ವರ್ಷದ್ದು. ಚಿತ್ರರಂಗದ ಈ ಲೆಕ್ಕವನ್ನು ನಾವು ಬೇರೆ ಕೆಲಸದ ಜಾಗಗಳಲ್ಲಿಯೂ ಕಾಣುವುದಿಲ್ಲವೇ? ವಿದ್ಯಾರ್ಥಿನಿಯರು ಉತ್ತರ ಹೇಳಲಿ.

ಲೀಲಾ ಚಿಟ್ನೀಸರಿಗೆ ದೊಡ್ಡ ತಾಯಿ ಪಾತ್ರಗಳಾದರೂ ಸಿಕ್ಕವು, ಜನ ನೆನಪಿಟ್ಟರು. ಅಮೀರಬಾಯಿಯವರಿಗೆ ಸಿಕ್ಕ ಪೋಷಕ ಪಾತ್ರಗಳು ಆ ಮಟ್ಟದವಲ್ಲ. ಆದರೂ ಅವರು ಮುಂಬಯಿ ಬಿಡಲಿಲ್ಲ, ಕೆಲಸವನ್ನೂ ಬಿಡಲಿಲ್ಲ. ಕೆಲವರು ಇದನ್ನು ದುರಂತವೆಂದು ಬರೆಯುತ್ತಾರೆ. ನನಗೆ ಹಾಗನಿಸುವುದಿಲ್ಲ. ನಾಟಕ ಕಂಪನಿಯಲ್ಲಿ ಇಂದು ರಾಣಿಯಾದವಳು ನಾಳೆ ದಾಸಿಯ ಪಾತ್ರ ಹಾಕಬೇಕು, ಪಾತ್ರ ಹಂಚುವವರು ಮಾಲೀಕರು. ಅಂಥ ಮನೆಯಿಂದ ಬಂದವರಿಗೆ ಸಣ್ಣ ಪಾತ್ರ ಅವಮಾನವಲ್ಲ, ಪಗಾರಿನ ಕೆಲಸ.

1965ರ ಮಾರ್ಚ್ 3ರಂದು ಅಮೀರಬಾಯಿ ತೀರಿಕೊಂಡರು. ಪಾರ್ಶ್ವವಾಯು ಹೊಡೆದು ನಾಲ್ಕು ದಿನ ಮಲಗಿದ್ದರು, ಅಷ್ಟೇ.

ಅವರ ಹೆಸರನ್ನು ನಮ್ಮ ಸೀಮೆಯಲ್ಲಿ ಬಹಳ ವರ್ಷ ಹಿಡಿದಿಟ್ಟದ್ದು ಬಿಜಾಪುರದ ‘ಅಮೀರ್ ಟಾಕೀಜ್’ ಚಿತ್ರಮಂದಿರ. ಕರ್ನಾಟಕಿ ಕುಟುಂಬದವರದೇ ಆದ ಆ ಥೇಟರಿನಲ್ಲಿ ಸಿನೆಮಾ ನೋಡಿದವರು ನಮ್ಮ ಹಿರಿಯರಲ್ಲಿ ಸಾಕಷ್ಟಿದ್ದಾರೆ. ಅಮೀರ್ ಎಂದರೆ ಯಾವುದೋ ಶ್ರೀಮಂತರ ಹೆಸರೆಂದು ತಿಳಿದವರೇ ಹೆಚ್ಚು. ಕನ್ನಡದಲ್ಲಿ ಅವರ ಜೀವನವನ್ನು ಶ್ರಮಪಟ್ಟು ಹುಡುಕಿ ಪುಸ್ತಕವಾಗಿ ಬರೆದವರು ವಿಮರ್ಶಕ ರಹಮತ್ ತರೀಕೆರೆ. ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಆ ಪುಸ್ತಕ ಇದೆಯೇ ಎಂದು ವಿಚಾರಿಸಿ. ಇಲ್ಲದಿದ್ದರೆ ತರಿಸಲು ಬೇಡಿಕೆ ಬರೆದು ಕೊಡಿ, ಗ್ರಂಥಪಾಲಕರು ಬೇಡವೆನ್ನಲಾರರು.

ಹಾಡುಗಳನ್ನು ಕೇಳಲು ಈಗ ಗ್ರಾಮೋಫೋನು ಬೇಕಿಲ್ಲ, ನಿಮ್ಮ ಕೈಯಲ್ಲಿರುವ ಮೊಬೈಲಿನಲ್ಲೇ ಸಿಗುತ್ತವೆ. ಮೊದಲು ‘ಕಿಸ್ಮತ್’ನ ಹಾಡುಗಳನ್ನು ಕೇಳಿ. ಆ ಮೇಲೆ 1950ರ ‘ಸಮಾಧಿ’ ಚಿತ್ರದ, ಎರಡು ಹೆಣ್ಣು ದನಿಗಳ ಕುಣಿತದ ಹಾಡನ್ನು ಹುಡುಕಿ. ಸಿ. ರಾಮಚಂದ್ರರ ಸಂಗೀತ, ಬಹಳ ಜನಪ್ರಿಯವಾದದ್ದು, ನಿಮ್ಮ ಮನೆಯವರು ಗುನುಗಿರುತ್ತಾರೆ. ಆ ಚಿತ್ರದ ನಾಯಕನೂ ಅಶೋಕ ಕುಮಾರರೇ. ಒಂದು ದನಿ ಲತಾ ಮಂಗೇಶ್ಕರರದು, ಅದನ್ನು ನೀವು ಕೂಡಲೇ ಗುರುತಿಸುತ್ತೀರಿ. ಅವರಿಗೆ ಸರಿಸಮನಾಗಿ ಹಾಡುತ್ತಿರುವ ಇನ್ನೊಂದು ದನಿ ಬೀಳಗಿಯದು.